ಹೊಗಳದ ನುಡಿನಮನ: ಆಂಡ್ರ್ಯೂ ವುಡ್ ನೆನಪಿಗೆ ಕ್ರಿಸ್ ಕಾರ್ನೆಲ್ ಬರೆದ ಹಾಡು

ಹಳೇಕ್ಯಾಸೆಟ್ (ಚರ್ಚೆ ಆರಂಭಿಸಿದವರು)

ಗೆಳೆಯರೇ,

ತೀರಿಹೋದ ಗಾಯಕರ ನೆನಪಿಗೆಂದು ರಾಕ್ ಸಂಗೀತದಲ್ಲಿ ಬಂದಿರುವ ಹಾಡುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹೆಚ್ಚಿನವು ಒಂದೇ ಜಾಡು ಹಿಡಿಯುತ್ತವೆ: ಹೋದವನು ದೊಡ್ಡವನಾಗಿದ್ದ, ಲೋಕ ಅವನನ್ನು ಅರಿಯದೆ ಹೋಯಿತು, ಇನ್ನು ಅವನ ದನಿಯಷ್ಟೇ ನಮ್ಮ ಪಾಲಿಗೆ ಎಂಬಲ್ಲಿಗೆ ಮುಗಿದುಬಿಡುತ್ತವೆ. ಆ ಜಾಡಿಗೆ ಬೀಳದ ಒಂದು ಹಾಡಿನ ಬಗ್ಗೆ ಇಲ್ಲಿ ವಿವರವಾಗಿ ಮಾತಾಡೋಣ ಎಂದು ಇದನ್ನು ಬರೆಯುತ್ತಿದ್ದೇನೆ. ಟೆಂಪಲ್ ಆಫ್ ದಿ ಡಾಗ್ ತಂಡದ ಏಕೈಕ ಆಲ್ಬಮ್ಮಿನ ಮೊದಲ ಹಾಡಾದ ‘ಸೇ ಹಲೋ ಟು ಹೆವನ್’ ಅದು.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಸಂಕ್ಷಿಪ್ತವಾಗಿ ಹೇಳುತ್ತೇನೆ. ಆಂಡ್ರ್ಯೂ ವುಡ್ ಸಿಯಾಟಲ್‌ನ ಮದರ್ ಲವ್ ಬೋನ್ ತಂಡದ ಗಾಯಕ. ಆ ಊರಿನ ಉಳಿದ ತಂಡಗಳು ಮಾಸಿದ ಅಂಗಿ ತೊಟ್ಟು ತಲೆ ತಗ್ಗಿಸಿ ನುಡಿಸುತ್ತಿದ್ದ ಕಾಲದಲ್ಲಿ ಈತ ಮಿನುಗುವ ಉಡುಪು ಧರಿಸಿ, ಮುಖಕ್ಕೆ ಬಣ್ಣ ಬಳಿದುಕೊಂಡು, ಸಣ್ಣ ಕ್ಲಬ್ಬಿನ ವೇದಿಕೆಯಲ್ಲೂ ದೊಡ್ಡ ಕ್ರೀಡಾಂಗಣದಲ್ಲಿ ನಿಂತವನಂತೆ ಜನರನ್ನು ಮಾತಾಡಿಸುತ್ತಿದ್ದವನು. ತಂಡದ ಮೊದಲ ಪೂರ್ಣ ಆಲ್ಬಮ್ ಹೊರಬರಬೇಕಿದ್ದ ಹೊತ್ತಿನಲ್ಲೇ, 1990ರ ಮಾರ್ಚ್ 19ರಂದು, ಹೆರಾಯಿನ್ ಸೇವನೆಯಿಂದಾಗಿ ಆಸ್ಪತ್ರೆಯಲ್ಲಿ ತೀರಿಕೊಂಡ. ಆಗ ವಯಸ್ಸು 24. ಆಲ್ಬಮ್ ಅದೇ ವರ್ಷದ ಜುಲೈನಲ್ಲಿ ಬಂತು. ಅದೇ ಊರಿನ ಸೌಂಡ್‌ಗಾರ್ಡನ್ ತಂಡದ ಗಾಯಕ ಕ್ರಿಸ್ ಕಾರ್ನೆಲ್ ಕೆಲಕಾಲ ಅವನೊಡನೆ ಒಂದೇ ಮನೆಯಲ್ಲಿದ್ದವನು. ಗೆಳೆಯ ಹೋದ ಕೆಲವೇ ದಿನಗಳಿಗೆ ಯುರೋಪಿನ ಪ್ರವಾಸಕ್ಕೆ ಹೊರಡಬೇಕಾಗಿ ಬಂದು, ಆ ಅಲೆದಾಟದ ನಡುವೆಯೇ ಎರಡು ಹಾಡುಗಳನ್ನು ಬರೆದ. ಅವುಗಳಲ್ಲಿ ಒಂದು ಇದು. ಇನ್ನೊಂದು ‘ರೀಚ್ ಡೌನ್’. ಅವನ್ನು ಮುದ್ರಿಸಲು ವುಡ್‌ನ ತಂಡದವರೊಡನೆ ಸೇರಿ ಕಟ್ಟಿದ್ದೇ ಟೆಂಪಲ್ ಆಫ್ ದಿ ಡಾಗ್.

ನನ್ನ ವಾದವೇನೆಂದರೆ, ಈ ಹಾಡಿನಲ್ಲಿ ಹೊಗಳಿಕೆಯ ಒಂದು ಸಾಲೂ ಇಲ್ಲ, ಮತ್ತು ಅದರ ಬಲವಿರುವುದೇ ಅಲ್ಲಿ. ವುಡ್‌ನ ಹೆಸರು ಒಮ್ಮೆಯೂ ಬರುವುದಿಲ್ಲ. ಅವನು ಒಳ್ಳೆಯ ಹಾಡುಗಾರನಾಗಿದ್ದ ಎಂಬ ಮಾತೂ ಇಲ್ಲ. ಹಾಡು ತೆರೆದುಕೊಳ್ಳುವುದು ಉಳಿದವನ ಸಂಕಟದಿಂದ: ಕರುಣೆಯ ತಾಯಿಯನ್ನು ಕೂಗಿ, ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗು ಎಂದು ಬೇಡುವವನು ಸತ್ತವನಲ್ಲ, ಬದುಕಿರುವವನು. ಆಮೇಲೆ ದ್ವೀಪದಿಂದ ಬಂದವನು ಬೀದಿಯ ಪಾಲಾಗಿ ಸತ್ತ ಎಂಬ ಒಂದೇ ಸಾಲಿನಲ್ಲಿ ಇಡೀ ಜೀವನಚರಿತ್ರೆ ಮುಗಿಯುತ್ತದೆ. ಅದರ ಬೆನ್ನಿಗೇ ಬರುವುದು ದೂರು: ಅಷ್ಟು ನೋವಿತ್ತು, ಆದರೂ ನನಗೊಂದು ಮಾತು ಹೇಳಲಿಲ್ಲ. ಒಂದೇ ಸೂರಿನಡಿ ಇದ್ದವನಿಗೆ ಮಾತ್ರ ಬರಬಹುದಾದ ಸಿಟ್ಟು ಇದು. ಅಭಿಮಾನಿ ಬರೆದಿದ್ದರೆ ಈ ಸಾಲು ಹುಟ್ಟುತ್ತಿರಲಿಲ್ಲ; ಪತ್ರಕರ್ತ ಬರೆದಿದ್ದರೆ ಇದನ್ನು ಅಳಿಸಿಹಾಕುತ್ತಿದ್ದ.

ತಮ್ಮೆಲ್ಲರ ಅಭಿಪ್ರಾಯಗಳಿಗೆ ಸ್ವಾಗತ. ಭಿನ್ನಾಭಿಪ್ರಾಯವಿದ್ದರೆ ಇನ್ನೂ ಒಳ್ಳೆಯದು.

---

ಗಿಟಾರ್‌ಮೇಷ್ಟ್ರು

ಪದಗಳ ಬಗ್ಗೆ ತಾವು ಬರೆದಿರುವುದನ್ನು ಒಪ್ಪುತ್ತೇನೆ. ಆದರೆ ಹಾಡನ್ನು ಕವಿತೆಯಂತೆ ಓದಿ ಮುಗಿಸಿದರೆ ಅರ್ಧ ವಿಷಯ ಕೈತಪ್ಪಿಹೋಗುತ್ತದೆ ಎಂಬ ಆತಂಕದಿಂದ ಇದನ್ನು ಸೇರಿಸುತ್ತಿದ್ದೇನೆ.

ಕಾರ್ನೆಲ್‌ನ ಕಂಠ ಎಂಥದ್ದೆಂದು ಕೇಳಿದವರಿಗೆಲ್ಲ ಗೊತ್ತು. ಸೌಂಡ್‌ಗಾರ್ಡನ್‌ನ ಆರಂಭದ ಧ್ವನಿಮುದ್ರಣಗಳಲ್ಲಿ ಆತ ಹಾಡು ಶುರುವಾದ ಕೂಡಲೇ ತಾರಸ್ಥಾಯಿಗೆ ಏರಿ ಅಲ್ಲೇ ಕುಳಿತುಬಿಡುತ್ತಾನೆ, ಅದು ಶಕ್ತಿಪ್ರದರ್ಶನ. ಈ ಹಾಡಿನಲ್ಲಿ ಹಾಗೆ ಮಾಡುವುದಿಲ್ಲ. ಗಿಟಾರಿನ ತಂತಿಗಳು ಬಿಡಿಬಿಡಿಯಾಗಿ, ನಿಧಾನವಾಗಿ ಮಿಡಿಯುತ್ತಿರುವಾಗ ದನಿ ಕೆಳಗಿನ ನೆಲೆಯಲ್ಲೇ ಹೆಜ್ಜೆ ಹಾಕುತ್ತದೆ. ಪಲ್ಲವಿ ಬಂದಾಗ ಸ್ವಲ್ಪ ಏರಿ ಮತ್ತೆ ಇಳಿಯುತ್ತದೆ. ಕೊನೆಯ ಚರಣದಲ್ಲಿ, ಈ ಮಾತುಗಳನ್ನು ನಿನಗಾಗಿ ಬರೆಯಬೇಕಾಗಿ ಬರಬಾರದಿತ್ತು ಎಂದು ಹೇಳುವ ಜಾಗದಲ್ಲಿ ದನಿ ಮತ್ತೆ ತಣ್ಣಗಾಗುತ್ತದೆ. ಅದಾದ ಮೇಲೆಯೇ, ಹಾಡು ಇನ್ನೇನು ಮುಗಿಯುತ್ತದೆ ಎನ್ನುವಾಗ, ಇದುವರೆಗೆ ಹಿಡಿದಿಟ್ಟದ್ದೆಲ್ಲ ಬಿಟ್ಟುಕೊಳ್ಳುವಂತೆ ಮೇಲಕ್ಕೆ ಏರುತ್ತದೆ. ಆರು ನಿಮಿಷಕ್ಕೂ ಹೆಚ್ಚಿನ ಹಾಡು ಇದು, ಅಷ್ಟು ಹೊತ್ತು ಕಾಯಿಸಿದ್ದಕ್ಕೇ ಆ ಕೂಗಿಗೆ ಬೆಲೆ. ಹಾಡುಗಾರಿಕೆ ಕಲಿಯುವ ಹುಡುಗರಿಗೆ ನಾನು ಇದನ್ನು ಕೇಳಿಸುವುದು ಆ ಕೂಗಿಗಾಗಿ ಅಲ್ಲ, ಅದಕ್ಕೆ ಮೊದಲಿನ ಸಂಯಮಕ್ಕಾಗಿ. ಹುಡುಗರು ಮಾತ್ರ ಕೂಗನ್ನೇ ಅಭ್ಯಾಸ ಮಾಡಿಕೊಂಡು ಬರುತ್ತಾರೆ, ಅದು ಬೇರೆ ಮಾತು.

ಧ್ವನಿಮುದ್ರಣದ ಸಂಗತಿಯೂ ಇಲ್ಲಿ ಮುಖ್ಯ. ವುಡ್‌ನ ತಂಡದಲ್ಲಿದ್ದ ಸ್ಟೋನ್ ಗೋಸಾರ್ಡ್ ಮತ್ತು ಜೆಫ್ ಅಮೆಂಟ್, ಅವರ ಜೊತೆಗೆ ಆಗಷ್ಟೇ ಸೇರಿದ್ದ ಗಿಟಾರ್ ವಾದಕ ಮೈಕ್ ಮೆಕ್‌ಕ್ರೆಡಿ, ಸೌಂಡ್‌ಗಾರ್ಡನ್‌ನ ಡ್ರಮ್ ವಾದಕ ಮ್ಯಾಟ್ ಕ್ಯಾಮರಾನ್ ಇವರು ಕಾರ್ನೆಲ್ ಜೊತೆ ಸೇರಿ 1990ರ ಕೊನೆಯಲ್ಲಿ ಲಂಡನ್ ಬ್ರಿಡ್ಜ್ ಸ್ಟುಡಿಯೋದಲ್ಲಿ ಸುಮಾರು ಹದಿನೈದು ದಿನಗಳಲ್ಲಿ ಇಡೀ ಆಲ್ಬಮ್ ಮುಗಿಸಿದರು. ಹೆಸರು ಕೇಳಿ ಅದು ಇಂಗ್ಲೆಂಡಿನಲ್ಲಿದೆ ಎಂದುಕೊಳ್ಳಬೇಡಿ. ಸಿಯಾಟಲ್‌ಗೆ ಹೊಂದಿಕೊಂಡ ಉಪನಗರದ ಸ್ಟುಡಿಯೋ ಅದು. ಅದನ್ನು ಕಟ್ಟಿದವರು ರಾಕೇಶ್ ಪರಾಷರ್ ಮತ್ತು ಅವರ ಸಹೋದರ. ರಿಕ್ ಪರಾಷರ್ ಎಂದೇ ಹೆಸರಾದ ರಾಕೇಶ್, ಮರುವರ್ಷ ಗೋಸಾರ್ಡ್, ಅಮೆಂಟ್ ಕಟ್ಟಿದ ಹೊಸ ತಂಡ ಪರ್ಲ್ ಜ್ಯಾಮ್‌ನ ಮೊದಲ ಆಲ್ಬಮ್ಮನ್ನೂ ಅಲ್ಲಿಯೇ ಮುದ್ರಿಸಿದವರು. ಗ್ರಂಜ್ ಎಂದು ಜಗತ್ತು ಕರೆದ ಸಿಯಾಟಲ್ ರಾಕ್‌ನ ಆ ನಾದವನ್ನು ರೂಪಿಸಿದವರ ಸಾಲಿನಲ್ಲಿ ಇಂಥದ್ದೊಂದು ಹೆಸರು ಇರುವುದನ್ನು ನಮ್ಮ ಪತ್ರಿಕೆಗಳು ಗಮನಿಸಿದ್ದೇ ಕಡಿಮೆ. ಅವರು 2014ರಲ್ಲಿ ತೀರಿಕೊಂಡರು.

ಆ ಹದಿನೈದು ದಿನಗಳಲ್ಲಿ ಯಾರಿಗೂ ಹಿಟ್ ಹಾಡು ಕೊಡಬೇಕೆಂಬ ಒತ್ತಡ ಇರಲಿಲ್ಲ. ಅದು ಕೇಳುವಾಗ ಗೊತ್ತಾಗುತ್ತದೆ. ‘ರೀಚ್ ಡೌನ್’ ಹನ್ನೊಂದು ನಿಮಿಷ ಸಾಗುತ್ತದೆ, ಅದರಲ್ಲಿ ದೊಡ್ಡ ಭಾಗ ಮೆಕ್‌ಕ್ರೆಡಿಯ ಗಿಟಾರಿನದೇ. ಮಾರಾಟ ವಿಭಾಗದವರು ಪಕ್ಕದಲ್ಲಿ ಕುಳಿತಿದ್ದರೆ ಅದು ನಾಲ್ಕು ನಿಮಿಷಕ್ಕೆ ಇಳಿಯುತ್ತಿತ್ತು.

---

ತುಂಗಾತೀರ

ಇಬ್ಬರ ಬರಹಗಳನ್ನೂ ಆಸಕ್ತಿಯಿಂದ ಓದಿದೆ. ಆದರೂ ನನಗೆ ಎರಡು ತಕರಾರುಗಳಿವೆ.

ಮೊದಲನೆಯದು, ಮಾರಾಟದ ಒತ್ತಡ ಇರಲಿಲ್ಲವೆಂಬ ಮಾತು ಪೂರ್ತಿ ನಿಜವಲ್ಲ. ಆಲ್ಬಮ್ 1991ರ ಏಪ್ರಿಲ್ 16ರಂದು ಬಿಡುಗಡೆಯಾದಾಗ ಅದನ್ನು ಕೊಂಡವರು ಕಡಿಮೆ; ಎಪ್ಪತ್ತು ಸಾವಿರದಷ್ಟು ಪ್ರತಿಗಳು ಹೋದವು. ಆ ಬೇಸಗೆಯ ಕೊನೆಯಲ್ಲಿ ಪರ್ಲ್ ಜ್ಯಾಮ್‌ನ ಮೊದಲ ಆಲ್ಬಮ್, ಅಕ್ಟೋಬರ್‌ನಲ್ಲಿ ಸೌಂಡ್‌ಗಾರ್ಡನ್‌ನದು, ನಡುವೆ ನಿರ್ವಾಣ ತಂಡದ್ದು ಎಂದು ಸಿಯಾಟಲ್‌ನ ತಂಡಗಳೆಲ್ಲ ಒಮ್ಮೆಗೇ ಮನೆಮಾತಾದವು. ಆಗ ಎಚ್ಚರಗೊಂಡ ಕಂಪನಿ, ಎರಡು ಪ್ರಸಿದ್ಧ ತಂಡಗಳ ಸದಸ್ಯರು ಒಟ್ಟಿಗೆ ಇರುವ ಸರಕು ತನ್ನ ಉಗ್ರಾಣದಲ್ಲೇ ಇದೆಯೆಂದು ಕಂಡುಕೊಂಡು, 1992ರಲ್ಲಿ ಅದನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಶೋಕಗೀತೆಯೊಂದು ಹೀಗೆ ಸಂತೆಯಲ್ಲಿ ಬಿಕರಿಯಾದ ಮೇಲೆ ಅದರ ಖಾಸಗಿತನವನ್ನು ಕೊಂಡಾಡುವುದು ಎಷ್ಟು ಸರಿ?

ಎರಡನೆಯದು, ತಾವು ಮೆಚ್ಚಿದ ಆ ದೂರಿನ ಸಾಲೇ ನನಗೆ ಇರಿಸುಮುರಿಸು. ವ್ಯಸನಕ್ಕೆ ಸಿಕ್ಕವನು ತನ್ನ ನೋವನ್ನು ಹೇಳಿಕೊಳ್ಳಲಿಲ್ಲವೆಂದು ಅವನು ಸತ್ತ ಮೇಲೆ ಆರೋಪಿಸುವುದು ಸುಲಭ. ಜೊತೆಯಲ್ಲಿದ್ದವರು ಏನು ಕೇಳಿದರು, ಏನು ಕಂಡೂ ಕಾಣದಂತಿದ್ದರು ಎಂಬ ಪ್ರಶ್ನೆ ಹಾಡಿನಲ್ಲಿ ಏಳುವುದೇ ಇಲ್ಲ. ಇದೇ ಆಂಡ್ರ್ಯೂ ವುಡ್‌ನನ್ನು ಮನಸ್ಸಿನಲ್ಲಿಟ್ಟುಕೊಂಡು ಸಿಯಾಟಲ್‌ನದೇ ತಂಡವಾದ ಆಲಿಸ್ ಇನ್ ಚೈನ್ಸ್‌ನ ಗಿಟಾರ್ ವಾದಕ ಜೆರ್ರಿ ಕ್ಯಾಂಟ್ರೆಲ್ ಬರೆದ ‘ವುಡ್?’ (ಅವನ ಹೆಸರಲ್ಲ, ಇಂಗ್ಲಿಷಿನ Would) ನನ್ನ ದೃಷ್ಟಿಯಲ್ಲಿ ಹೆಚ್ಚು ನ್ಯಾಯವಾದ ಹಾಡು. 1992ರಲ್ಲಿ ಬಂದ ಆ ಹಾಡಿನ ಬಾಣ ತಿರುಗಿರುವುದು ಸತ್ತವನ ಕಡೆಗಲ್ಲ, ಅವನ ಮೇಲೆ ತೀರ್ಪು ಕೊಡಲು ಕುಳಿತವರ ಕಡೆಗೆ. ಚರಣಗಳನ್ನು ಕ್ಯಾಂಟ್ರೆಲ್ ತಗ್ಗಿನ ದನಿಯಲ್ಲಿ ಹೇಳುತ್ತ ಹೋದರೆ ಪಲ್ಲವಿಯಲ್ಲಿ ಆ ತಂಡದ ಗಾಯಕ ಲೇನ್ ಸ್ಟೇಲಿ ಎದೆ ಸೀಳಿಕೊಂಡು ಬರುತ್ತಾನೆ. ನಾನು ಮಾಡುವುದಾದರೆ ನಿನ್ನಿಂದಾದೀತೇ ಎಂದು ಕೇಳಿ ಉತ್ತರ ಕೊಡದೆ ತಟ್ಟನೆ ನಿಂತುಬಿಡುತ್ತದೆ. ನುಡಿನಮನ ಹಾಗಿರಬೇಕು.

---

ಹಳೇಕ್ಯಾಸೆಟ್

ತುಂಗಾತೀರ ಅವರಿಗೆ ನಮಸ್ಕಾರ. ಇಂಥ ತಕರಾರು ಬರಲೆಂದೇ ಕಾದಿದ್ದೆ.

ಮಾರಾಟದ ವಿಷಯದಲ್ಲಿ ತಾವು ಕೊಟ್ಟ ವಿವರಗಳು ಸರಿ, ತೀರ್ಮಾನವನ್ನು ಮಾತ್ರ ಒಪ್ಪಲಾರೆ. 1990ರ ಚಳಿಗಾಲದಲ್ಲಿ ಸ್ಟುಡಿಯೋಗೆ ಹೋದಾಗ ಪರ್ಲ್ ಜ್ಯಾಮ್ ಎಂಬ ಹೆಸರೇ ಇರಲಿಲ್ಲ. ಗೋಸಾರ್ಡ್ ಮತ್ತು ಅಮೆಂಟ್ ತಮ್ಮ ಗಾಯಕನನ್ನೂ ತಂಡವನ್ನೂ ಒಟ್ಟಿಗೆ ಕಳೆದುಕೊಂಡು ಕುಳಿತವರು. ಹಾಡು ಹುಟ್ಟಿದ ಕಾರಣ ಬೇರೆ, ಎರಡು ವರ್ಷದ ಮೇಲೆ ಕಂಪನಿ ಅದನ್ನು ಮಾರಿದ ಕಾರಣ ಬೇರೆ. ಎರಡನೆಯದರ ಲೆಕ್ಕವನ್ನು ಮೊದಲನೆಯದರ ಖಾತೆಗೆ ಬರೆಯುವುದು ಬೇಡ. ಇನ್ನೂ ಒಂದು ಮಾತು: ಹಾಗೆ ಮರುಮಾರಾಟ ಆಗದೇ ಹೋಗಿದ್ದರೆ ಆಂಡ್ರ್ಯೂ ವುಡ್ ಎಂಬ ಹೆಸರು ಸಿಯಾಟಲ್‌ನ ಕೆಲವು ನೂರು ಜನರ ನೆನಪಿನಲ್ಲಿ ಮಾತ್ರ ಉಳಿಯುತ್ತಿತ್ತು. ತಾವೂ ನಾನೂ ಇಲ್ಲಿ ಕುಳಿತು ವಾದ ಮಾಡುತ್ತಿರಲಿಲ್ಲ.

ದೂರಿನ ವಿಷಯ ಇದಕ್ಕಿಂತ ಗಹನವಾದದ್ದು. ಕಾರ್ನೆಲ್ ಆರೋಪಿಸುತ್ತಿದ್ದಾನೆ ಎಂದು ತಾವು ಓದುತ್ತೀರಿ. ನಾನು ಬೇರೆ ರೀತಿ ಓದುತ್ತೇನೆ. ಸತ್ತ ಮನೆಯಲ್ಲಿ ನಮ್ಮ ಹೆಂಗಸರು ಹಾಡಿ ಹೇಳಿ ಅಳುವುದನ್ನು ಕೇಳಿದವರಿಗೆ ಇದು ಗೊತ್ತಿರುತ್ತದೆ. ಒಂದು ಮಾತೂ ಹೇಳದೆ ಹೋದೆಯಲ್ಲ, ನಮ್ಮನ್ನು ಯಾರ ಕೈಗೆ ಒಪ್ಪಿಸಿ ಹೋದೆ ಎಂದು ಹೋದವನನ್ನೇ ಬೈಯುತ್ತಾರೆ. ಅದನ್ನು ಕೇಳಿ ಸತ್ತವನ ಮೇಲೆ ಆರೋಪ ಹೊರಿಸಿದರೆಂದು ಯಾರೂ ಎಣಿಸುವುದಿಲ್ಲ. ಕೊನೆಯ ಚರಣವನ್ನು ಮತ್ತೊಮ್ಮೆ ಗಮನಿಸಿ. ದೀಪ ಆರಿಸಿ ನಿನ್ನನ್ನು ಮಲಗಿಸುತ್ತೇನೆ ಎನ್ನುತ್ತಾನೆ, ಮಗುವಿಗೆ ಹೇಳಿದ ಹಾಗೆ. ಹಿಂದೆಯೇ, ನಾಯಿಗಳು ನಿನ್ನ ಮೂಳೆಯನ್ನು ಹೇಗೆ ಮುರಿದವೆಂದು ನೀನಿನ್ನು ಹೇಳಲಾರೆ ಎಂಬ ಸಾಲು ಬರುತ್ತದೆ. ಬೋನ್ ಎಂಬುದು ವುಡ್‌ನ ತಂಡದ ಹೆಸರಿನಲ್ಲೇ ಇದೆ. ನಡುವೆ ಒಮ್ಮೆ ಬರುವ ‘ಸ್ಟಾರ್‌ಗೇಜರ್’ ಕೂಡ ಮದರ್ ಲವ್ ಬೋನ್‌ನ ಒಂದು ಹಾಡಿನ ಹೆಸರೇ. ಅಂದರೆ ಹೆಸರು ಹೇಳದ ಕವಿ ಬಲ್ಲವರಿಗೆ ಮಾತ್ರ ತಿಳಿಯುವಂತೆ ಗುರುತುಗಳನ್ನು ಬಿಟ್ಟುಹೋಗಿದ್ದಾನೆ. ಆರೋಪ ಪಟ್ಟಿ ಬರೆಯುವವನು ಇಷ್ಟು ಜತನದಿಂದ ಬರೆಯುವುದಿಲ್ಲ.

‘ವುಡ್?’ ದೊಡ್ಡ ಹಾಡು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಮೂರನೆಯವರೊಂದಿಗೆ ಆಡಿದ ಜಗಳ. ಇದು ಹೋದವನ ಜೊತೆಗೇ ಆಡಿದ ಮಾತು.

---

ಹೊಸಕೇಳುಗ

ಹಿರಿಯರ ಚರ್ಚೆಯ ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನಾನು ಈ ತಂಡದ ‘ಹಂಗರ್ ಸ್ಟ್ರೈಕ್’ ಹಾಡನ್ನು ಮಾತ್ರ ಕೇಳಿದ್ದೇನೆ. ಅದೂ ವುಡ್ ನೆನಪಿನ ಹಾಡೇ? ತಂಡಕ್ಕೆ ಇಂಥ ವಿಚಿತ್ರ ಹೆಸರು ಏಕೆ ಎಂಬುದನ್ನೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

---

ಗಿಟಾರ್‌ಮೇಷ್ಟ್ರು

ಅಲ್ಲ. ಆಲ್ಬಮ್ಮಿನ ಹತ್ತು ಹಾಡುಗಳೂ ವುಡ್‌ನನ್ನೇ ಕುರಿತವು ಎಂಬ ತಿಳಿವಳಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ನೇರವಾಗಿ ಅವನಿಗಾಗಿ ಬರೆದವು ಮೊದಲಿನ ಎರಡೇ. ‘ಹಂಗರ್ ಸ್ಟ್ರೈಕ್’ ಹಸಿದವರ ಬಾಯಿಂದ ಕಸಿದು ತಿನ್ನಲಾರೆ ಎನ್ನುವ ಹಾಡು. ಅದರಲ್ಲಿ ಕೆಳಸ್ಥಾಯಿಯ ದನಿ ಎಡ್ಡಿ ವೆಡರ್‌ನದು. ಗೋಸಾರ್ಡ್, ಅಮೆಂಟ್ ಕಟ್ಟುತ್ತಿದ್ದ ಹೊಸ ತಂಡಕ್ಕೆ ಹಾಡಲು ಸ್ಯಾನ್ ಡಿಯೇಗೋದಿಂದ ಬಂದಿದ್ದ ಆತ ಅಭ್ಯಾಸದ ಕೋಣೆಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದ. ಏರು ದನಿ, ಇಳಿ ದನಿ ಎರಡನ್ನೂ ಒಬ್ಬನೇ ನಿಭಾಯಿಸಲು ಕಾರ್ನೆಲ್ ತಿಣುಕುತ್ತಿರುವುದನ್ನು ಕಂಡು ಮೈಕಿನ ಮುಂದೆ ಬಂದು ಇಳಿ ದನಿಯನ್ನು ತಾನೇ ಹಾಡಿದ. ಹೊಸಬನಿಗೆ ಅಷ್ಟು ಜಾಗ ಬಿಟ್ಟುಕೊಟ್ಟದ್ದು ಕಾರ್ನೆಲ್‌ನ ದೊಡ್ಡತನ ಎಂದೇ ನಾನು ಭಾವಿಸುತ್ತೇನೆ.

ತಂಡದ ಹೆಸರು ವುಡ್ ಬರೆದ ‘ಮ್ಯಾನ್ ಆಫ್ ಗೋಲ್ಡನ್ ವರ್ಡ್ಸ್’ ಹಾಡಿನ ಸಾಲೊಂದರಿಂದ ಬಂದದ್ದು. ಹೀಗಾಗಿ ಹಾಡಿನಲ್ಲಿ ಅವನ ಹೆಸರು ಇಲ್ಲದಿದ್ದರೂ ತಂಡದ ಹೆಸರಿನಲ್ಲಿ ಅವನ ಮಾತಿದೆ.

---

ಸಿಯಾಟಲ್‌ವಾಸಿ

ಬಹಳ ತಡವಾಗಿ ಈ ಚರ್ಚೆ ಕಣ್ಣಿಗೆ ಬಿತ್ತು. ಕೆಲಸದ ನಿಮಿತ್ತ ಈ ಊರಿನ ಕಡೆ ನೆಲೆಸಿದ ಅನೇಕ ಕನ್ನಡಿಗರಲ್ಲಿ ನಾನೂ ಒಬ್ಬ. ಸ್ಥಳದ ಬಗ್ಗೆ ನಾಲ್ಕು ಮಾತು ಹೇಳಿದರೆ ಹಾಡಿನ ಒಂದು ಸಾಲು ತಮಗೆ ಇನ್ನೂ ಸ್ಪಷ್ಟವಾಗಬಹುದು.

ಹಾಡಿನಲ್ಲಿ ಬರುವ ದ್ವೀಪ ಕವಿಕಲ್ಪನೆಯಲ್ಲ. ಅದು ಬೇನ್‌ಬ್ರಿಜ್ ದ್ವೀಪ. ವುಡ್ ಬೆಳೆದದ್ದು, ತನ್ನ ಅಣ್ಣನ ಜೊತೆ ಮಾಲ್‌ಫಂಕ್ಷನ್ ಎಂಬ ಮೊದಲ ತಂಡ ಕಟ್ಟಿದ್ದು ಎಲ್ಲವೂ ಅಲ್ಲಿಯೇ. ನಗರದ ನಡುವಿನ ಕಡಲಕಟ್ಟೆಯಿಂದ ಹೊರಡುವ ಫೆರಿಯಲ್ಲಿ ಅಲ್ಲಿಗೆ ಮೂವತ್ತೈದು ನಿಮಿಷದ ಹಾದಿ. ಕಾರು, ಸೈಕಲ್ಲು, ಕಚೇರಿಗೆ ಹೋಗುವವರು ಎಲ್ಲರನ್ನೂ ಹೊತ್ತು ದಿನವಿಡೀ ಓಡಾಡುವ ದೊಡ್ಡ ಹಡಗು ಅದು. ದ್ವೀಪದಲ್ಲಿ ಇಳಿದರೆ ದೇವದಾರಿನ ಜಾತಿಯ ಎತ್ತರದ ಮರಗಳು, ಅಚ್ಚುಕಟ್ಟಾದ ಮನೆಗಳು, ದೋಣಿ ಕಟ್ಟಿದ ಸಣ್ಣ ಬಂದರು. ಹಿಂದಿರುಗುವಾಗ ನೀರಿನಾಚೆ ಇಡೀ ನಗರದ ಗೋಪುರಗಳು ಒಮ್ಮೆಗೇ ಕಾಣುತ್ತವೆ. ಆ ಹುಡುಗನಿಗೆ ದೊಡ್ಡ ವೇದಿಕೆಯ ಕನಸು ಎಲ್ಲಿಂದ ಹತ್ತಿತೆಂದು ಆ ಫೆರಿಯ ಮೇಲ್ಮಹಡಿಯಲ್ಲಿ ನಿಂತರೆ ಊಹಿಸಬಹುದು. ದ್ವೀಪ, ಬೀದಿ ಎಂಬ ಎರಡು ಪದಗಳ ನಡುವೆ ಕಾರ್ನೆಲ್ ಇಟ್ಟಿರುವುದು ಆ ಮೂವತ್ತೈದು ನಿಮಿಷದ ನೀರನ್ನು.

ಇನ್ನೊಂದು ಜಾಗ ಪ್ಯಾರಾಮೌಂಟ್ ರಂಗಮಂದಿರ. 1990ರ ಮಾರ್ಚ್‌ನಲ್ಲಿ ವುಡ್‌ಗೆ ಸಾರ್ವಜನಿಕ ಶ್ರದ್ಧಾಂಜಲಿ ಸಭೆ ನಡೆದದ್ದು ಅಲ್ಲಿ. ಟೆಂಪಲ್ ಆಫ್ ದಿ ಡಾಗ್ ತನ್ನ ಇಪ್ಪತ್ತೈದನೆಯ ವರ್ಷದ ನೆಪದಲ್ಲಿ 2016ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಪ್ರವಾಸ ಹೊರಟು ಫಿಲಡೆಲ್ಫಿಯಾ, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್ ಮುಗಿಸಿ ಕೊನೆಯ ಎರಡು ರಾತ್ರಿ ನುಡಿಸಿದ್ದೂ ಅದೇ ವೇದಿಕೆಯಲ್ಲಿ. ವುಡ್‌ನ ತಂಡದ ಹಾಡುಗಳನ್ನೂ ಆ ಪ್ರವಾಸದಲ್ಲಿ ಹಾಡಿದರು. ಅದಾಗಿ ಆರು ತಿಂಗಳಿಗೆ, 2017ರ ಮೇ 18ರಂದು, ಡೆಟ್ರಾಯಿಟ್‌ನಲ್ಲಿ ಕಾರ್ನೆಲ್ ತೀರಿಕೊಂಡ, ವಯಸ್ಸು 52. ಈಗ ಇಲ್ಲಿನ ಜನಪ್ರಿಯ ಸಂಸ್ಕೃತಿ ವಸ್ತುಸಂಗ್ರಹಾಲಯದ ಹೊರಗೆ ಗಿಟಾರ್ ಹಿಡಿದ ಅವನ ಕಂಚಿನ ಪ್ರತಿಮೆ ಇದೆ. ಅದರ ಪಾದದ ಬಳಿ ಯಾರೋ ಒಬ್ಬರು ಹೂವಿಟ್ಟಿರುವುದು ಸಾಮಾನ್ಯ. ವುಡ್‌ಗೆ ಪ್ರತಿಮೆಯಿಲ್ಲ, ಅವನಿಗಿರುವುದು ಈ ಹಾಡು.

---

ತುಂಗಾತೀರ

ಸಿಯಾಟಲ್‌ವಾಸಿ ಅವರ ಬರಹ ಓದಿದ ಮೇಲೆ ದೂರಿನ ವಿಷಯದಲ್ಲಿ ನನ್ನ ಪಟ್ಟು ಸ್ವಲ್ಪ ಸಡಿಲವಾಗಿದೆ, ಪೂರ್ತಿ ಅಲ್ಲ. ಆದರೆ ಅವರು ತಂದ ಕೊನೆಯ ಸಂಗತಿ ಇನ್ನೊಂದು ಪ್ರಶ್ನೆ ಎತ್ತುತ್ತದೆ. ವುಡ್‌ಗಾಗಿ ಹಾಡಿದ ಇಬ್ಬರೂ ಗಾಯಕರು ಇಂದು ಇಲ್ಲ. ‘ವುಡ್?’ ಹಾಡಿದ ಸ್ಟೇಲಿ 2002ರಲ್ಲಿ, ಅದೇ ಬಗೆಯ ವ್ಯಸನಕ್ಕೆ ಬಲಿಯಾಗಿ, 34ನೆಯ ವಯಸ್ಸಿಗೆ ಹೋದ. ಅವನಿಗಾಗಿ ಕ್ಯಾಂಟ್ರೆಲ್ 2009ರಲ್ಲಿ ‘ಬ್ಲ್ಯಾಕ್ ಗಿವ್ಸ್ ವೇ ಟು ಬ್ಲೂ’ ಬರೆದ. ಅದರಲ್ಲಿ ಪಿಯಾನೋ ನುಡಿಸಿದವರು ಎಲ್ಟನ್ ಜಾನ್. ಒಂದು ಶೋಕಗೀತೆ ಹಾಡಿದವನಿಗೆ ಇನ್ನೊಂದು ಶೋಕಗೀತೆ ಬೇಕಾಗಿ ಬಂದ ಊರು ಅದು.

ಕಾರ್ನೆಲ್‌ಗೆ ಮಾತ್ರ ಜನ ಹೊಸ ಹಾಡು ಹುಡುಕಲಿಲ್ಲ, ಅವನದೇ ಹಾಡನ್ನು ಅವನಿಗೆ ತಿರುಗಿಸಿದರು. 2019ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬಳಿ ನಡೆದ ಸ್ಮರಣೆಯ ಕಛೇರಿಯಲ್ಲಿ ಟೆಂಪಲ್ ಆಫ್ ದಿ ಡಾಗ್‌ನ ಉಳಿದ ಸದಸ್ಯರೊಂದಿಗೆ ಮೈಲಿ ಸೈರಸ್ ಇದನ್ನು ಹಾಡಿದರು. ಚೆನ್ನಾಗಿಯೇ ಹಾಡಿದರು. ಆದರೂ ದ್ವೀಪದಿಂದ ಬಂದವನು ಎಂಬ ಸಾಲು ಕೇಳುವಾಗ, ಇಲ್ಲಿ ನೆನೆಯುತ್ತಿರುವುದು ಯಾರನ್ನು ಎಂದು ಗೊಂದಲವಾಗುವುದಿಲ್ಲವೇ? ಒಬ್ಬನಿಗೆ ಅಳತೆ ತೆಗೆದು ಹೊಲಿದ ಅಂಗಿಯನ್ನು ಇನ್ನೊಬ್ಬನಿಗೆ ತೊಡಿಸಿದಂತೆ.

---

ಹಳೇಕ್ಯಾಸೆಟ್

ಗೊಂದಲ ಆಗುತ್ತದೆ, ನಿಜ. ಆದರೆ ಅಲ್ಲಿ ನಡೆದದ್ದು ಬರೀ ಅದಲು ಬದಲಲ್ಲ ಎಂದು ನನಗನ್ನಿಸುತ್ತದೆ. ಆ ವೇದಿಕೆಯ ಮೇಲಿದ್ದ ಗೋಸಾರ್ಡ್ ಮತ್ತು ಅಮೆಂಟ್ ಅವರನ್ನು ನೆನೆಯಿರಿ. 1990ರಲ್ಲಿ ತಮ್ಮ ಗಾಯಕನಿಗಾಗಿ ಈ ಹಾಡು ನುಡಿಸಿದವರು, 2019ರಲ್ಲಿ ಅದನ್ನು ಬರೆದು ಹಾಡಿದವನಿಗಾಗಿ ಅದೇ ಸ್ವರಗಳನ್ನು ನುಡಿಸಬೇಕಾಯಿತು. ಅವರ ಮಟ್ಟಿಗೆ ಆ ರಾತ್ರಿ ಇಬ್ಬರೂ ಇದ್ದರು. ಅದಲ್ಲದೆ, ಅಷ್ಟು ನೋವಿದ್ದೂ ನನಗೆ ಏನೂ ಹೇಳಲಿಲ್ಲ ಎಂಬ ಸಾಲು ಈಗ ಬರೆದವನ ಕಡೆಗೇ ತಿರುಗಿ ನಿಂತಿದೆ. ಕಾರ್ನೆಲ್ ಆತ್ಮಹತ್ಯೆ ಮಾಡಿಕೊಂಡನೆಂದು ಅಧಿಕೃತವಾಗಿ ತೀರ್ಮಾನವಾದ ಮೇಲೆ, ಅವನ ಜೊತೆಗಾರರಲ್ಲಿ ಯಾರು ಬೇಕಾದರೂ ಅವನ ಬಗ್ಗೆ ಅದೇ ಮಾತು ಹೇಳಬಹುದಿತ್ತು. ಹೊಗಳಿಕೆಯ ಹಾಡಾಗಿದ್ದರೆ ಹೀಗೆ ತಿರುಗುತ್ತಿರಲಿಲ್ಲ, ವುಡ್‌ನ ಗುಣಗಳನ್ನು ಹೇಳಿ ಅಲ್ಲಿಗೇ ನಿಲ್ಲುತ್ತಿತ್ತು.

ಕಾರ್ನೆಲ್ ಸತ್ತವರಿಗಾಗಿ ಬರೆದದ್ದು ಇದೊಂದನ್ನೇ ಅಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. 1997ರಲ್ಲಿ ಮೆಂಫಿಸ್‌ನಲ್ಲಿ ನದಿಯಲ್ಲಿ ಮುಳುಗಿ ತೀರಿಕೊಂಡ ಗಾಯಕ ಜೆಫ್ ಬಕ್ಲಿಗಾಗಿ ತನ್ನ 1999ರ ಸ್ವಂತ ಆಲ್ಬಮ್ಮಿನಲ್ಲಿ ‘ವೇವ್ ಗುಡ್‌ಬೈ’ ಬರೆದ. ಚೆಲುವಾದ ಹಾಡು. ಆದರೆ ಅಲ್ಲಿ ಸಿಟ್ಟಿಲ್ಲ, ಹಾಗಾಗಿ ಮತ್ತೆ ಮತ್ತೆ ಕೇಳಬೇಕೆನಿಸುವುದಿಲ್ಲ. ಇದು ನನ್ನ ಅಭಿರುಚಿಯ ಮಾತು, ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬರಬಹುದು.

---

ಹೊಸಕೇಳುಗ

ಎಲ್ಲರಿಗೂ ಧನ್ಯವಾದಗಳು. ಇಂದು ರಾತ್ರಿ ಪೂರ್ತಿ ಆಲ್ಬಮ್ ಕೇಳಬೇಕೆಂದಿದ್ದೇನೆ. ಆದರೆ ಅಂತರ್ಜಾಲದಲ್ಲಿ ಎರಡು ರೂಪಗಳು ಕಾಣುತ್ತಿವೆ, ಒಂದು ಹಳೆಯದು, ಇನ್ನೊಂದು 2016ರದ್ದು. ಯಾವುದನ್ನು ಕೇಳಲಿ?

---

ಗಿಟಾರ್‌ಮೇಷ್ಟ್ರು

2016ರದ್ದು ಬ್ರೆಂಡನ್ ಓಬ್ರಿಯನ್ ಹೊಸದಾಗಿ ಮಿಕ್ಸ್ ಮಾಡಿದ ರೂಪ. ಪರ್ಲ್ ಜ್ಯಾಮ್‌ನ ಮೊದಲ ಆಲ್ಬಮ್ಮಿಗೂ ಅವರೇ 2009ರಲ್ಲಿ ಇಂಥದ್ದೇ ಕೆಲಸ ಮಾಡಿದ್ದರು. ಅದರಲ್ಲಿ ವಾದ್ಯಗಳು ಬಿಡಿಬಿಡಿಯಾಗಿ, ಹತ್ತಿರದಿಂದ ಕೇಳುತ್ತವೆ. ಡ್ರಮ್ ಮತ್ತು ಬಾಸ್ ಗಿಟಾರಿನ ಕೆಲಸ ಅರಿಯಲು ಅನುಕೂಲ. ಆದರೆ ಮೊದಲ ಸಲ ಕೇಳುವವರು 1991ರ ರೂಪವನ್ನೇ ಕೇಳಬೇಕೆಂಬುದು ನನ್ನ ಸಲಹೆ. ಪರಾಷರ್ ಅವರ ಮಿಶ್ರಣದಲ್ಲಿ ದನಿಯ ಹಿಂದೆ ದೊಡ್ಡ ಹಜಾರದ ಅನುರಣನ ಇದೆ. ಅದು ಆ ಕಾಲದ ರೂಢಿ, ಈಗಿನ ಕಿವಿಗೆ ಹೆಚ್ಚಾಯಿತು ಅನ್ನಿಸಲೂಬಹುದು. ಆದರೂ ಕೊನೆಯ ಕೂಗು ಆ ಅನುರಣನದೊಳಗೆ ಕರಗುವುದನ್ನು ಹೊಸ ಮಿಶ್ರಣದಿಂದ ನಿರೀಕ್ಷಿಸಬೇಡಿ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಹೆಡ್‌ಫೋನ್ ಹಾಕಿಕೊಳ್ಳಿ, ಮೊದಲ ಎರಡು ಹಾಡುಗಳನ್ನು ನಡುವೆ ನಿಲ್ಲಿಸದೆ ಒಟ್ಟಿಗೆ ಕೇಳಿ. ಹದಿನೇಳು ನಿಮಿಷಕ್ಕೂ ಮೀರುತ್ತದೆ, ಪುರುಸೊತ್ತು ಮಾಡಿಕೊಳ್ಳಿ.